ಮಾನಪ್ಪನ ಗಾಡಿ ನಿಲ್ಲದ ಸೋಮವಾರ

ಸುರಪುರದಿಂದ ಶಹಾಪುರಕ್ಕೆ ದಿನಾ ಬೆಳಿಗ್ಗೆ ಎಂಟೂವರೆಗೆ ಹೊರಡುವ ಒಂದು ಬಿಳಿ ಕಾರಿದೆ. ಅದನ್ನು ಕಾರು ಅಂದರೆ ಅದಕ್ಕೇ ನಗು ಬಂದೀತು. ಹದಿನೇಳು ವರ್ಷದ ಡಬ್ಬಿ. ಅದರ ಮಾಲೀಕ, ಡ್ರೈವರ್, ತೊಳೆಯುವವನು, ಒರೆಸುವವನು ಎಲ್ಲ ಒಬ್ಬನೇ, ದೇವಾಪುರದ ಮಾನಪ್ಪ. ಆರು ವರ್ಷದಿಂದ ನಾನು ಅದರ ಹಿಂದಿನ ಸೀಟಿನಲ್ಲಿ ಎಡಗಡೆ ಕೂತು ಕೆಲಸಕ್ಕೆ ಹೋಗಿಬರುತ್ತಿದ್ದೇನೆ. ನನ್ನ ಹೆಸರು ದುರ್ಗಾದೇವಿ. ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಹೆಸರಿಗೆ ತಕ್ಕ ಸಿಟ್ಟು ಇದೆ ಎಂದು ಜನ ಹೇಳುತ್ತಾರೆ, ಅದು ಸುಳ್ಳೇನಲ್ಲ. ಕೊತ್ತಂಬರಿ ಸಿವುಡಿಗೂ ಜಗಳ ತೆಗೆಯುವ ಹೆಂಗಸು ನಾನು.

ಮಾನಪ್ಪನ ಮೇಲೆ ಮಾತ್ರ ನನ್ನ ಸಿಟ್ಟು ನಡೆಯುವುದಿಲ್ಲ. ಎಷ್ಟು ಬೈದರೂ ಅವನು 'ಹೌದ್ರಿ ಅಕ್ಕಾರ' ಎಂದು ಒಪ್ಪಿಕೊಂಡುಬಿಡುತ್ತಾನೆ. ಒಪ್ಪಿಕೊಂಡವರ ಜೊತೆ ಜಗಳ ಹೇಗೆ ಬೆಳೆಸುವುದು? ಅವನ ಮನೆಯವರು ಕುರಿ ಸಾಕಿ, ಮಳೆ ಬಂದರೆ ಬೆಳೆಯುವ ಹೊಲ ಮಾಡಿಕೊಂಡು ಬದುಕಿದವರು. ಹನ್ನೆರಡು ವರ್ಷದ ಹಿಂದೆ ಮಾನಪ್ಪ ತನ್ನ ಪಾಲಿನ ಕುರಿ ಮಾರಿ ಈ ಕಾರು ತಂದ. ಊರೆಲ್ಲ ನಕ್ಕಿತು. ಅವನಪ್ಪ ದೇವಿಂದ್ರಪ್ಪ ಮಾತ್ರ ನಗಲಿಲ್ಲವಂತೆ. ಕಾರಿನ ಸುತ್ತ ಒಂದು ಸುತ್ತು ಬಂದು, ನಾಲ್ಕೂ ಗಾಲಿ ಮುಟ್ಟಿ ನೋಡಿ, 'ಎತ್ತಿಲ್ಲ ಅನ್ನೋದೊಂದು ಬಿಟ್ಟರ ಚೊಲೊ ಅದ' ಅಂದರಂತೆ.

ಕುರಿ ಕಾದ ಅಭ್ಯಾಸ ಮಾನಪ್ಪನಿಂದ ಹೋಗಿಲ್ಲ. ಅರವತ್ತರ ಮೇಲೆ ಗಾಡಿ ಓಡಿಸುವುದಿಲ್ಲ. ಏರು ಬಂದಾಗ ತುಟಿಯಲ್ಲಿ 'ಹುರ್ರ್' ಎಂದು ಸದ್ದು ಮಾಡಿ ಇಂಜಿನ್ನನ್ನು ಅಟ್ಟುತ್ತಾನೆ. ಹನ್ನೆರಡು ವರ್ಷದಲ್ಲಿ ಒಂದು ಕೋಳಿಗೂ ಅವನ ಗಾಲಿ ತಾಗಿಲ್ಲ. ತನ್ನ ಬಗ್ಗೆ ಅವನು ಹೆಮ್ಮೆಯಿಂದ ಹೇಳಿಕೊಳ್ಳುವುದು ಅದೊಂದೇ ಮಾತು. ನಾವು ಮೂವರು ಕಾಯಂ ಗಿರಾಕಿಗಳು ಅವನನ್ನು ಬಿಡದಿರುವುದಕ್ಕೂ ಅದೇ ಕಾರಣ. ಮುಂದಿನ ಸೀಟು ವಿಶ್ವರಾಧ್ಯ ಮಾಸ್ತರರದು, ಅವರ ಮೈಗೆ ಹಿಂದೆ ಜಾಗ ಸಾಲುವುದಿಲ್ಲ. ನನ್ನ ಪಕ್ಕ ಅಲ್ಮಾಸ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಹುಡುಗಿ, ಹತ್ತುವುದೇ ತಡ ನಿದ್ದೆ ಹೋಗುತ್ತಾಳೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಆ ಗಾಡಿ ಕಿರುಚಲು ಶುರು ಮಾಡಿತು. ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಗಾಲಿಗಳಿಂದ ಕಿರ್ರ್ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು. ಮಾಸ್ತರರು ಪಾಠ ಮಾಡಿದಂತೆ ವಿವರಿಸಿದರು: ಗಾಲಿಯ ಒಳಗೆ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ, ಅದನ್ನು ಎರಡೂ ಕಡೆಯಿಂದ ಅವಚಿ ಹಿಡಿದು ನಿಲ್ಲಿಸುವ ಬಿಲ್ಲೆಗಳಿಗೆ ಬ್ರೇಕ್ ಪ್ಯಾಡ್ ಅನ್ನುತ್ತಾರೆ, ಅವು ಸವೆದಾಗ ಹೀಗೆ ಕೂಗುತ್ತವೆ. ಮಾನಪ್ಪ ತಲೆಯಾಡಿಸಿದ.

'ಗೊತ್ತದರಿ ಮಾಸ್ತರ. ಈ ತಿಂಗಳ ಗಾಡಿ ಇನ್ಶೂರೆನ್ಸ್ ಕಟ್ಟೇನಿ. ಮುಂದಿನ ತಿಂಗಳ ಹಾಕಸ್ತೀನಿ.'

'ಎಷ್ಟಾಗ್ತದಪ್ಪ ಅದಕ್ಕ?' ನಾನು ಕೇಳಿದೆ.

'ಹಳೇ ಗಾಡಿ ನೋಡ್ರಿ ಅಕ್ಕಾರ. ಬಿಚ್ಚಿದ ಮ್ಯಾಲ ಇನ್ನೇನೇನ್ ಹೇಳ್ತಾರೋ ಅಂತ ಅಂಜಿಕಿ.'

ಅವನ ಅಂಜಿಕೆ ನನಗೆ ಅರ್ಥವಾಗುವಂಥದ್ದೇ. ನನಗೂ ಹಲ್ಲಿನ ಡಾಕ್ಟರ ಬಳಿ ಹೋಗಲು ಇದೇ ಅಂಜಿಕೆ. ದಿನಾ ಕಿವಿಯಲ್ಲಿ ಬೆರಳಿಟ್ಟುಕೊಂಡು, 'ಹಾಡರ ಹಚ್ಚೋ ಮಾರಾಯ, ಇದು ಕೇಳಬಾರದು' ಅಂದೆ. ಅವನು ಹಾಡು ಹಚ್ಚಿದ. ಹೀಗೆ ಒಂದು ತಿಂಗಳು ಹೋಯಿತು.

ಆಮೇಲೆ ಆ ಸೋಮವಾರ. ಗಾಡಿ ಸುರಪುರದ ಬಸ್ ನಿಲ್ದಾಣದ ಹತ್ತಿರ ಬಂದು ನಿಂತಾಗ ಸದ್ದೇ ಇರಲಿಲ್ಲ. ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತು, ಅಷ್ಟೆ.

'ಪ್ಯಾಡ್ ಹಾಕಿಸಿದೇನು?' ಎಂದು ಕೇಳಿದೆ.

'ಇಲ್ಲರಿ. ಮುಂಜಾನಿಂದ ತಾನ ಸುಮ್ಮನಾಗ್ಯದ. ಬ್ರೇಕ್ ಸ್ವಲ್ಪ ಜಾರಿದಂಗ ಅನಸ್ತದ, ಆದ್ರ ಒದರೋದ ಬಿಟ್ಟದ.'

'ಈಗ ಚಂದಾತು ನೋಡು' ಎಂದು ಹೇಳಿ ಕೂತುಕೊಂಡೆ. ಆ ಮಾತು ನೆನೆಸಿಕೊಂಡರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಊರು ದಾಟಿ ಗುಡ್ಡದ ಇಳಿಜಾರಿಗೆ ಬಂದೆವು. ತಿರುವಿನಾಚೆ ರಸ್ತೆ ತುಂಬ ಕುರಿ. ಮಾನಪ್ಪ ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ. ಒತ್ತಿದ ಕಾಲು ತೆಗೆಯದೆ ಸೀಟಿನಿಂದ ಅರ್ಧ ಎದ್ದೇ ನಿಂತ, ಆದರೂ ಗಾಡಿ ಇಳಿಯುತ್ತಲೇ ಹೋಯಿತು. 'ಗಟ್ಟಿ ಹಿಡೀರಿ' ಎಂದು ಅವನು ಒಂದೇ ಮಾತು ಹೇಳಿದ್ದು ಕೇಳಿಸಿತು. ಗೇರು ಇಳಿಸಿ, ಕೈಬ್ರೇಕ್ ಎಳೆದು, ಗಾಡಿಯನ್ನು ಎಡಕ್ಕೆ ತಿರುಗಿಸಿ, ರಸ್ತೆ ಕೆಲಸಕ್ಕೆಂದು ಸುರಿದಿದ್ದ ಜಲ್ಲಿಕಲ್ಲಿನ ಗುಡ್ಡೆಗೆ ಮೂತಿ ತುರುಕಿದ. ದಡ್ ಎಂದಿತು. ಅಲ್ಮಾಸ ಎಚ್ಚರವಾಗಿ 'ಶಹಾಪುರ ಬಂತಾ?' ಎಂದು ಕೇಳಿದಳು.

ಯಾರಿಗೂ ಏನೂ ಆಗಿರಲಿಲ್ಲ. ಮಾಸ್ತರರ ಕನ್ನಡಕ ಬಿದ್ದಿತ್ತು, ಒಡೆದಿರಲಿಲ್ಲ. ಒಂದು ಕುರಿಗೂ ಪೆಟ್ಟಾಗಲಿಲ್ಲ. ಕುರಿಯವನು ಬಂದು ಬಾಯಿಗೆ ಬಂದಂತೆ ಬೈದು ಹೋದ. ಮಾನಪ್ಪ ಮಾತ್ರ ಸ್ಟೇರಿಂಗ್ ಹಿಡಿದ ಕೈ ಬಿಡಲಿಲ್ಲ. ಮಾಸ್ತರರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನಾವು ಬಸ್ ಹತ್ತಿ ಕೆಲಸಕ್ಕೆ ಹೋದೆವು. ಮಾಸ್ತರರ ಪರಿಚಯದ ಮೇಲೆ ಯಾದಗಿರಿಯ ಒಂದು ದೊಡ್ಡ ವರ್ಕ್‌ಶಾಪಿನವರು ಬಂದು ಗಾಡಿಯನ್ನು ಎಳೆದುಕೊಂಡು ಹೋದರು.

ಬುಧವಾರ ಮಧ್ಯಾಹ್ನ ಮಾನಪ್ಪ ನನ್ನ ಕಚೇರಿಗೆ ಬಂದ. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು. ಒಂದು ಕೈಯಲ್ಲಿ ಮಡಚಿದ ಹಾಳೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

'ಬ್ಯಾರೆ ಗಾಡಿ ನೋಡ್ಕೊಳ್ರಿ ಅಕ್ಕಾರ. ನಾ ಗಾಡಿ ಮಾರಾಕತ್ತೇನಿ.'

ಹಾಳೆ ಬಿಚ್ಚಿ ನೋಡಿದೆ. ಪ್ಯಾಡು, ಉಕ್ಕಿನ ತಟ್ಟೆ, ಸಿಲಿಂಡರು, ಪೈಪು, ಕೂಲಿ ಎಲ್ಲ ಸೇರಿ ಹದಿನಾಲ್ಕು ಸಾವಿರದ ಆರುನೂರು. ಬ್ರೇಕಿನ ಎಣ್ಣೆ ಒಳಗಿನಿಂದ ಸೋರಿ ಎಲ್ಲ ಕಡೆ ಹರಡಿದೆ, ಏನೇನು ಹೋಗಿದೆಯೋ ಹೇಳಲಾಗದು, ಈ ಗಾಡಿಗೆ ಇಷ್ಟು ಸುರಿಯುವ ಬದಲು ಗುಜರಿಗೆ ಹಾಕುವುದೇ ಲೇಸು ಎಂದು ವರ್ಕ್‌ಶಾಪಿನ ಹುಡುಗ ಹೇಳಿದ್ದನಂತೆ. ಗುಜರಿಯವನು ಇಪ್ಪತ್ತೈದು ಸಾವಿರಕ್ಕೆ ಕೇಳಿದ್ದ. ಸಂಜೆಯೊಳಗೆ ಮಾತು ಹೇಳಬೇಕಿತ್ತು.

'ಮಾರಿ ಏನ್ ಮಾಡ್ತಿ?' ಎಂದೆ.

'ಎಲ್ಲೆರ ವಾಚ್‌ಮನ್ ಕೆಲಸ ಸಿಗ್ತದರಿ.' ಚೀಲದ ಬಾಯಿ ತಿರುಚುತ್ತ ಹೇಳಿದ, 'ರೊಕ್ಕದ ಮಾತಲ್ಲರಿ ಅಕ್ಕಾರ. ಹೆಂಗರ ಮಾಡಿ ಹೊಂದಸ್ತಿದ್ದೆ. ಅವತ್ತ ಪೆಡಲ್ ಕಲ್ಲಿನಂಗ ಗಟ್ಟಿ ಇತ್ತು. ಎಣ್ಣಿ ಸೋರಿದ್ರ ಪೆಡಲ್ ಪುಸಕ್ ಅಂತ ಒಳಗ ಹೋಗಬೇಕಲ್ಲ? ಹೋಗಲಿಲ್ಲ. ಅಂದ್ರ ನನ್ನ ಕಾಲಾಗ ಬಲ ಇಲ್ಲ. ನಾನಾ ಸರಿ ಒತ್ತಿಲ್ಲ. ನಿಮ್ಮ ಮೂರು ಮಂದಿ ಜೀವ ನನ್ನ ಕಾಲಾಗಿತ್ತು, ಆ ಕಾಲ ಕೈಕೊಟ್ಟಿತು. ಇನ್ನ ಮ್ಯಾಲ ನಾ ಯಾರನ್ನೂ ಕುಂದರಿಸಿಕೊಳ್ಳಂಗಿಲ್ಲ.'

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಸೀಟಿನಿಂದ ಎದ್ದೇ ನಿಂತ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೆ. ಕುರಿ ಕಾಯುತ್ತ ದಿನಕ್ಕೆ ಐದು ಹರದಾರಿ ನಡೆದ ಕಾಲು ಅದು, ಅದರಲ್ಲಿ ಬಲವಿಲ್ಲವೆಂದರೆ ಯಾರ ಕಾಲಿನಲ್ಲಿದೆ? ಆದರೆ ವಾದಕ್ಕೆ ಅವನು ಸಿಗುವುದಿಲ್ಲ. ನನಗೆ ತಿಳಿದ ವಿದ್ಯೆ ಚೌಕಾಸಿ ಒಂದೇ. 'ನಡಿ, ಮೊದಲ ಈ ರೇಟ್ ಖರೇ ಅದನೋ ಇಲ್ಲೋ ನೋಡೂಣು' ಎಂದು ಅರ್ಧ ದಿನ ರಜೆ ಬರೆದಿಟ್ಟು ಅವನನ್ನು ಹೊರಡಿಸಿದೆ.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮದೀನಾಬೀಯ ಬಿಡಿಭಾಗದ ಅಂಗಡಿಯಿದೆ. ಗಂಡ ತೀರಿದ ಮೇಲೆ ಇಪ್ಪತ್ತು ವರ್ಷದಿಂದ ಆಕೆಯೇ ಗಲ್ಲೆಯ ಮೇಲೆ ಕೂಡುತ್ತಾಳೆ. ವಯಸ್ಸು ಅರವತ್ತು ದಾಟಿದೆ. ಯಾವ ಗಾಡಿಯ ಯಾವ ಸಾಮಾನು ಯಾವ ಡಬ್ಬಿಯಲ್ಲಿದೆ ಎಂದು ಎದ್ದು ನೋಡದೆ ಹೇಳಬಲ್ಲಳು. ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಓದಿದಳು.

'ಪ್ಯಾಡಿಂದು ನಾಲ್ಕೂ ಸೇರಿ ಹನ್ನೊಂದ್ನೂರ ಐವತ್ತ. ಅದು ಹಾಕಲೇಬೇಕು. ಈ ಸಿಲಿಂಡರ್ ಯಾಕ ಬರದಾರ? ಬಾನೆಟ್ ಕೆಳಗ ಬ್ರೇಕ್ ಎಣ್ಣಿ ಡಬ್ಬಿ ಖಾಲಿ ಆಗಿತ್ತೇನಪಾ?'

'ತುಂಬಿತ್ತ ಚಾಚಿ. ನಾನಾ ನೋಡೇನಿ.'

'ತುಂಬಿತ್ತಾ? ಪೆಡಲ್?'

'ಗಟ್ಟಿ ಇತ್ತ.'

'ಮತ್ತ ಸೋರಿದ್ದೇನ? ಹಳೇ ಪ್ಯಾಡ್ ತಂದೀಯೇನು, ಕೊಡು ಇಲ್ಲಿ.'

ಮಾನಪ್ಪ ಚೀಲದಿಂದ ಬಿಚ್ಚಿದ ಪ್ಯಾಡು ತೆಗೆದು ಕೊಟ್ಟ. ಹುಣಸೆಬೀಜದಂತೆ ಸವೆದು ಕಪ್ಪಗೆ ಹೊಳೆಯುತ್ತಿದ್ದವು. ಮದೀನಾಬೀ ಒಂದನ್ನು ಬೆರಳಿನಿಂದ ತಿಕ್ಕಿದಳು, ಬೆರಳು ಉಜ್ಜಿ ನೋಡಿದಳು, ಆಮೇಲೆ ಮೂಗಿನ ಹತ್ತಿರ ಹಿಡಿದಳು. ನನ್ನ ಕಡೆಗೂ ಚಾಚಿದಳು.

'ವಾಸನಿ ನೋಡ್ರಿ ಬಾಯಿ. ಬ್ರೇಕ್ ಎಣ್ಣಿ ಹಿಂಗ ಜಿಗಟ ಇರಂಗಿಲ್ಲ. ಇದು ಔಡಲೆಣ್ಣಿ, ಹರಳೆಣ್ಣಿ. ಮಕ್ಕಳ ಹೊಟ್ಟಿ ನೋವಿಗಿ ಹೊಕ್ಕಳಕ್ಕ ಹಚ್ಚತೀವಲ್ಲ, ಅದು. ಐದು ಮಕ್ಕಳ್ನ ಬೆಳಸೀನಿ, ಈ ವಾಸನಿ ನನಗ ಗೊತ್ತಾಗಂಗಿಲ್ಲೇನು? ಎಣ್ಣಿ ಹತ್ತಿದ ಪ್ಯಾಡ್ ಗಾಲಿ ಹ್ಯಾಂಗ ಹಿಡೀತದ? ಎದ್ದು ನಿಂತು ಒತ್ತಿದ್ರೂ ಜಾರತದ.'

ನಿಜವೇ. ನನ್ನ ಅಜ್ಜಿಯ ಮನೆಯ ವಾಸನೆ ಅದು. 'ಯಾರೋ ಬೇಕಂತ ಮಾಡ್ಯಾರ' ಎಂದು ನಾನು ಅಲ್ಲಿಯೇ ಕೂಗಾಡಿದೆ. ಅದೇ ದಾರಿಯಲ್ಲಿ ಗಾಡಿ ಓಡಿಸುವ ಬಸವ ಎಂಬವನಿಗೆ ಮಾನಪ್ಪನ ಗಿರಾಕಿಗಳ ಮೇಲೆ ಕಣ್ಣಿತ್ತು. ಪೊಲೀಸ್ ಕಂಪ್ಲೇಂಟ್ ಕೊಡೋಣ, ನಾನೇ ಬರೆಯುತ್ತೇನೆ ಎಂದೆ. ಮಾನಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಎರಡೂ ಕೈಯಿಂದ ಮುಖ ಒರೆಸಿಕೊಂಡ.

'ಬಸವ ಅಲ್ಲರಿ ಅಕ್ಕಾರ' ಎಂದ. 'ನಮ್ಮಪ್ಪ.'

ಆಮೇಲೆ ಅವನೇ ಬಿಡಿಸಿ ಹೇಳಿದ. ಮನೆಯಲ್ಲಿ ಎತ್ತಿನ ಬಂಡಿ ಇದ್ದ ಕಾಲದಲ್ಲಿ ದೇವಿಂದ್ರಪ್ಪ ಊರು ಬಿಡುವ ಮುನ್ನ ನಸುಕಿನಲ್ಲಿ ಎದ್ದು ಅಚ್ಚಿಗೆ ಔಡಲೆಣ್ಣೆ ಬಿಡುತ್ತಿದ್ದರು. ಬಂಡಿಯ ಕೆಳಗೆ ಎಣ್ಣೆಯ ಬಿದಿರು ಕೊಳವೆ ಸದಾ ತೂಗುತ್ತಿತ್ತು. ಕಿರುಗುಟ್ಟುವ ಬಂಡಿ ಓಣಿಯಲ್ಲಿ ಹೋದರೆ ಆ ಮನೆಯವರಿಗೆ ಎತ್ತಿನ ಕಾಳಜಿ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ದರಂತೆ, ಗಾಡಿ ಯಾಕ ಅಷ್ಟು ಒದರತದ ಎಂದು. ಗಾಲಿಯಾಗಿಂದು ಸವದದ, ನೋಡಬೇಕು ಎಂದು ಮಾನಪ್ಪ ಹೇಳಿ ಎದ್ದುಹೋಗಿದ್ದ. ಸೋಮವಾರ ಅವನು ಏಳುವ ಮೊದಲೇ ಅಪ್ಪ ಅಂಗಳದಲ್ಲಿದ್ದರು. ಮುಂದಿನ ಗಾಲಿಯ ತೂತುಗಳಲ್ಲಿ ಉಕ್ಕಿನ ತಟ್ಟೆ ಹೊಳೆಯುವುದು ಕಾಣಿಸುತ್ತದೆ. ಅದರ ಮೇಲೇ ಎಣ್ಣೆ ಬಿಟ್ಟಿರಬೇಕು.

ಮದೀನಾಬೀ ಮೊದಲು ನಕ್ಕಳು. ಆಮೇಲೆ ನಾನೂ ನಕ್ಕೆ. ನಗುತ್ತ ನಗುತ್ತ ನನಗೆ ಅಳು ಬಂತು, ಸೋಮವಾರದಿಂದ ತಡೆದಿಟ್ಟುಕೊಂಡಿದ್ದ ಅಳು. ಮಾನಪ್ಪ ತನ್ನ ಬಲಗಾಲನ್ನು ಮೊಣಕಾಲಿನಿಂದ ಹಿಮ್ಮಡಿಯ ತನಕ ಮೆಲ್ಲಗೆ ತಿಕ್ಕಿಕೊಳ್ಳುತ್ತಿದ್ದ.

'ಕಾಲ ಸುದ್ದ ಅದ, ಹೌದಲ್ಲರಿ?' ಎಂದ.

'ಅದಪ್ಪ, ಕಾಲ ಸುದ್ದ ಅದ, ಬಲಾನೂ ಅದ. ಏಳು' ಎಂದೆ.

ಮದೀನಾಬೀ ಹೊಸ ಪ್ಯಾಡು ಕೊಟ್ಟು, ಗುಜರಿಯವನ ಸುದ್ದಿಗೆ ಹೋಗಬೇಡ ಎಂದು ಎರಡು ಸಲ ಹೇಳಿ, ಯಾದಗಿರಿಯ ಹುಡುಗನಿಗೆ ತಾನೇ ಫೋನು ಮಾಡಿದಳು. ತಟ್ಟೆಯನ್ನು ಪೆಟ್ರೋಲಿನಿಂದ ಚೆನ್ನಾಗಿ ತೊಳೆದು ಉಪ್ಪುಕಾಗದದಲ್ಲಿ ತಿಕ್ಕು, ಹೊಸ ಪ್ಯಾಡು ಹಾಕು, ಸಾಕು ಎಂದು ಗದರಿಸಿದಳು. ಆ ಹುಡುಗ ಕೆಟ್ಟವನಲ್ಲ. ಎಣ್ಣೆ ಕಂಡಿದ್ದ, ಸೋರಿದೆ ಎಂದು ತಿಳಿದಿದ್ದ, ಅಷ್ಟೆ. ಔಡಲೆಣ್ಣೆ ಎಂಬುದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಾವು ಯಾದಗಿರಿಗೆ ಹೋಗಿ ಅವನ ತಲೆಯ ಮೇಲೆ ನಿಂತು ಕೆಲಸ ಮಾಡಿಸಿದೆವು. ಅವನು ಆರುನೂರು ಕೂಲಿ ಕೇಳಿದ, ನಾನು ನಾನೂರಕ್ಕೆ ಇಳಿಸಿದೆ. ಹದಿನಾಲ್ಕು ಸಾವಿರದ ಆರುನೂರು ಇದ್ದದ್ದು ಹದಿನೈದುನೂರ ಐವತ್ತಕ್ಕೆ ಬಂದು ನಿಂತಿತು. ಮಾನಪ್ಪ ದುಡ್ಡು ಎಣಿಸಿ ಕೊಟ್ಟು, ಗಾಡಿಯ ಚಾವಣಿಯನ್ನು ಎರಡು ಸಲ ತಟ್ಟಿದ.

ಆದರೆ ಊರು ಬಿಟ್ಟ ಮೇಲೆ ಅವನಿಗೆ ಬ್ರೇಕ್ ಒತ್ತಲು ಧೈರ್ಯವಾಗಲಿಲ್ಲ. ಗೇರಿನಲ್ಲಿಯೇ ಹಿಡಿದು ಹಿಡಿದು ನಡೆಸುತ್ತಿದ್ದ. ಮುದನಾಳ ದಾಟಿ ಖಾಲಿ ರಸ್ತೆ ಸಿಕ್ಕಾಗ ನಾನು ಹೇಳಿದೆ, 'ಹಿಂದ ಮುಂದ ಯಾರೂ ಇಲ್ಲ. ಒತ್ತು.' ಅವನು ಕಣ್ಣು ಸಣ್ಣದು ಮಾಡಿ ಒತ್ತಿದ. ಗಾಡಿ ಗಕ್ಕನೆ ನಿಂತಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಅಷ್ಟು ಸಂತೋಷದಿಂದ ಹಣೆ ಬಡಿಸಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಹೋದ ಜೀವ ಬಂದಂತಾಯಿತು. ಅವನು ಮುಂದೆ ಹೋಗಿ ಮತ್ತೆ ಒತ್ತಿದ, ಮತ್ತೆ ನಿಂತಿತು. ಶಹಾಪುರ ಬರುವ ಹೊತ್ತಿಗೆ ಏರು ಸಿಕ್ಕಲ್ಲಿ 'ಹುರ್ರ್' ಅನ್ನತೊಡಗಿದ್ದ.

ನಾನು ಸುರಪುರದಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ದೇವಾಪುರಕ್ಕೆ ಬರುತ್ತೇನೆ ಎಂದೆ. ಸಮಾಧಾನವಾದ ಮೇಲೆ ನನ್ನ ಸಿಟ್ಟಿಗೆ ಪುರುಸೊತ್ತು ಸಿಕ್ಕಿತ್ತು. ಆ ಮುದುಕರಿಗೆ ನಾಲ್ಕು ಮಾತು ಹೇಳದೆ ನನಗೆ ನಿದ್ದೆ ಬರುವಂತಿರಲಿಲ್ಲ. ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಮಾನಪ್ಪನಿಗೆ ನನ್ನ ಉದ್ದೇಶ ತಿಳಿದಿತ್ತು.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆವು. ಮಾನಪ್ಪನ ಹೆಂಡತಿ ರೇಣಮ್ಮ ಗಾಡಿ ಕಂಡು ಬಾಗಿಲಲ್ಲೇ ನಿಂತಳು. ದೇವಿಂದ್ರಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದರು. ಎಂಬತ್ತರ ಹತ್ತಿರದ ಮನುಷ್ಯ. ಸೋಮವಾರದ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಗಾಡಿ ಕೆಟ್ಟಿದೆ ಎಂದಷ್ಟೇ ಗೊತ್ತಿತ್ತು. ಗಾಡಿ ಸದ್ದಿಲ್ಲದೆ ಬಂದು ನಿಂತದ್ದು ನೋಡಿ ಅವರ ಮುಖ ಅರಳಿತು.

'ಈಗ ಒದರವಲ್ದು ನೋಡು' ಎಂದರು. ಆಮೇಲೆ ನನಗೆ, 'ಬರ್ರಿ ಯವ್ವ, ಕುಂದರ್ರಿ. ಒಂದು ತಿಂಗಳಿಂದ ಒದರಾಕತ್ತಿತ್ತರಿ. ನಮ್ಮ ಮಾನಪ್ಪಗ ಬಿಡುವಿಲ್ಲ. ದೇವಿಂದ್ರಪ್ಪನ ಮಗ ಗಾಡಿಗಿ ಎಣ್ಣಿ ಸೈತ ಹಾಕಂಗಿಲ್ಲ ಅಂತ ಮಂದಿ ಅಂದಾರು ಅಂತ ನಾನಾ ಬಿಟ್ಟೆ.'

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾನಪ್ಪ ಅಪ್ಪನ ಪಕ್ಕ ಕೂತು, ಇದ್ದದ್ದು ಇದ್ದಂತೆ ಹೇಳಿದ. ಈ ಗಾಲಿಯಲ್ಲಿ ಆ ತಟ್ಟೆ ಇರುವುದು ಗಾಡಿ ನಿಲ್ಲಿಸಲಿಕ್ಕೆ, ಅದಕ್ಕೆ ಎಣ್ಣೆ ತಾಗಬಾರದು, ತಾಗಿದ್ದಕ್ಕೆ ಗುಡ್ಡದ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ಮುದುಕರು ಕೇಳುತ್ತ ಹೋದರು. ಅರಳಿದ ಮುಖ ಮೆಲ್ಲಗೆ ಮುಚ್ಚಿಕೊಂಡಿತು.

'ಒಳಗ ಎಷ್ಟ ಮಂದಿ ಇದ್ದರು?'

'ಮೂರು ಮಂದಿ. ನಾನೊಬ್ಬ.'

'ಈ ಯವ್ವನೂ ಇದ್ದರೇನು?'

'ಹೂಂ.'

ಅವರು ನನ್ನ ಕಡೆ ನೋಡಿದರು. ಕೈ ಮುಗಿಯಲು ಹೋದರು, ಕೈಗಳು ಒಂದಕ್ಕೊಂದು ಸರಿಯಾಗಿ ಸೇರಲಿಲ್ಲ. ನಾನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾನಪ್ಪ ಆ ಎರಡೂ ಕೈಗಳನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

'ಯಪ್ಪಾ, ನಿಂದಲ್ಲ ತಪ್ಪು' ಎಂದ. 'ತಿಂಗಳಿಂದ ಒದರೋದು ನೀನೂ ಕೇಳಿದಿ, ನಾನೂ ಕೇಳೇನಿ. ನೀ ಕೇಳಿ ನಿನಗ ತಿಳಿದದ್ದು ಮಾಡಿದಿ. ನಾ ತಿಳಿದೂ ಏನೂ ಮಾಡಲಿಲ್ಲ.'

ನಾನಂತೂ ನೆಲ ನೋಡುತ್ತ ನಿಂತೆ. ಹಾಡು ಹಚ್ಚು ಎಂದವಳು ನಾನು.

ಮುದುಕರು ಗಾಡಿಯ ಕಡೆ ತಿರುಗಿ, 'ಈಗ ನಿಂದರತದೇನು?' ಎಂದು ಕೇಳಿದರು. ಮಾನಪ್ಪ ಅವರನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದ. ಗಾಡಿ ಓಣಿಯಲ್ಲಿ ನಾಲ್ಕು ಮನೆ ದಾಟಿ ನಿಂತಿತು. ತೆರೆದ ಕಿಟಕಿಯಿಂದ ಮುದುಕರ ದನಿ ಕೇಳಿಸಿತು, 'ಇನ್ನೊಮ್ಮೆ ನಿಂದ್ರಸು.' ಮತ್ತೆ ಹೊರಟು ಮತ್ತೆ ನಿಂತಿತು. ಓಣಿಯ ಜನ ಏನಾಯಿತೆಂದು ಹೊರಗೆ ಬಂದರು. ಗಾಡಿ ಊರ ತುದಿಯ ತನಕ ಹೀಗೆ ನಿಲ್ಲುತ್ತ ನಿಲ್ಲುತ್ತ ಹೋಗಿ, ಹಾಗೆಯೇ ವಾಪಸ್ ಬರತೊಡಗಿತು.

ರೇಣಮ್ಮ ನನ್ನ ಪಕ್ಕ ನಿಂತು ನೋಡುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

'ಮೂರು ದಿನ ಆತರಿ, ನಮ್ಮ ಮನಿಯವರು ಒಂದು ತುತ್ತ ಉಂಡಿಲ್ಲ' ಎಂದಳು. 'ಇವತ್ತ ಉಣತಾರ. ನೀವೂ ಉಂಡ ಹೋಗ್ರಿ ಅಕ್ಕಾರ, ರೊಟ್ಟಿ ಬಡೀತೀನಿ.'